ಅಪ್ಪನ ಕಣ್ಣು, ಅಪ್ಪನ ಕಣ

ಜೀಪಿನ ಎಡಗಡೆ ಮಡ್‌ಗಾರ್ಡಿಗೆ ಮೊದಲ ಗೀರು ಬಿದ್ದಾಗ ಅಪ್ಪ ಮಳೆಯನ್ನು ಬೈದರು. ಎರಡು ತಿಂಗಳಲ್ಲಿ ಇನ್ನೊಂದು ಬಿತ್ತು. ಆಗ ಏನೂ ಮಾತಾಡಲಿಲ್ಲ. ಕೀಲಿ ತಂದು ಮೊಳೆಗೆ ನೇತು ಹಾಕಿ ಕೈಕಾಲು ತೊಳೆಯಲು ಹೋದರು. ಮೂವತ್ತು ವರ್ಷದಿಂದ ಅದೇ ಗೇಟು, ಅದೇ ಕಲ್ಲಿನ ಕಂಬ. ರಾತ್ರಿ ಹೆಡ್‌ಲೈಟ್ ಇಲ್ಲದೆಯೂ ಜೀಪು ಒಳಗೆ ತರುತ್ತಿದ್ದ ಮನುಷ್ಯ ಅವರು.

ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಅಪ್ಪನ ಕಣ್ಣಿಗೆ ಪೊರೆ ಬಂದಿರಬೇಕು ಅಂತ ಮನೆಯವರೆಲ್ಲ ಅಂದುಕೊಂಡೆವು. ಹಾಗೆ ಅಂದುಕೊಳ್ಳುವುದು ಸಹಜವೇ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ದಾಟಿದವರ ಕುರುಡುತನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಪೊರೆಯೇ ಕಾರಣ ಅಂತ ಕಂಡುಬಂತು. ಪೊರೆಯಾದರೆ ಆಪರೇಷನ್ ಮಾಡಿಸಿದರೆ ಹೆಚ್ಚಿನವರಿಗೆ ನೋಟ ವಾಪಸ್ ಬರುತ್ತದೆ. ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಗೋಡೆಯ ಮೇಲಿನ ಅಕ್ಷರಗಳನ್ನು ಅಪ್ಪ ಕೊನೆಯ ಸಾಲಿನವರೆಗೂ ಓದಿದರು. ನಂಬರ್ ಸ್ವಲ್ಪ ಬದಲಿಸಿ ಕೊಟ್ಟರು. ನಾವು ಸಮಾಧಾನದಿಂದ ಮನೆಗೆ ಬಂದೆವು. ಹಾಗೆ ಒಂದೂವರೆ ವರ್ಷ ಕಳೆದುಹೋಯಿತು. ಆ ಒಂದೂವರೆ ವರ್ಷ ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದು ಗ್ಲಾಕೋಮಾ. ಕಣ್ಣಿನ ಒಳಗೆ ಒಂದು ತಿಳಿಯಾದ ದ್ರವ ಸದಾ ಹುಟ್ಟುತ್ತಿರುತ್ತದೆ, ಸದಾ ಹೊರಗೆ ಹರಿಯುತ್ತಿರುತ್ತದೆ. ಗದ್ದೆಯ ಬದುವಿನಲ್ಲಿ ನೀರು ಹೋಗುವ ಕಂಡಿಗೆ ಕಸ ಕಟ್ಟಿಕೊಂಡರೆ ಗದ್ದೆ ತುಂಬುತ್ತದಲ್ಲ, ಹಾಗೆ ಈ ದ್ರವ ಹೊರಹೋಗುವ ದಾರಿ ಕಟ್ಟಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಇದು 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಕೆಲವರಿಗೆ ಒತ್ತಡ ಸರಿಯಾಗಿದ್ದರೂ ಈ ಕಾಯಿಲೆ ಬರುತ್ತದೆ. ಹೇಗೇ ಬಂದರೂ ಪೆಟ್ಟು ಬೀಳುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರಕ್ಕೆ. ಆ ನರದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಎಳೆಗಳಿವೆ. ಒಂದೊಂದೇ ಎಳೆ ಸಾಯುತ್ತಾ ಹೋಗುತ್ತದೆ. ಸತ್ತದ್ದು ಮತ್ತೆ ಚಿಗುರುವುದಿಲ್ಲ. ಹೆಚ್ಚಿನವರಿಗೆ ಬರುವ ಬಗೆಯಲ್ಲಿ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊದಲು ಹೋಗುವುದು ಬದಿಯ ನೋಟ. ನಡುವಿನ ನೋಟ ಕೊನೆಯವರೆಗೂ ಉಳಿಯಬಹುದು. ಗೋಡೆಯ ಅಕ್ಷರ ಓದುವುದಕ್ಕೆ ನಡುವಿನ ನೋಟ ಸಾಕು. ಗೇಟಿನ ಕಂಬಕ್ಕೆ ಸಾಲದು.

ಆದರೆ ಇಷ್ಟು ನೋಟ ಹೋಗುತ್ತಿದ್ದರೂ ಅಪ್ಪನಿಗೆ ಗೊತ್ತಾಗಲಿಲ್ಲ ಯಾಕೆ? ಇದನ್ನು ನೀವೇ ಮಾಡಿ ನೋಡಬಹುದು. ಬಿಳಿ ಹಾಳೆಯ ಮೇಲೆ ಹುರಿದ ಎರಡು ಕಾಫಿ ಬೀಜ ಇಡಿ. ಒಂದು ಎಡಕ್ಕೆ, ಇನ್ನೊಂದು ಅದರಿಂದ ಹತ್ತು ಸೆಂಟಿಮೀಟರ್ ಬಲಕ್ಕೆ. ಎಡಗಣ್ಣು ಮುಚ್ಚಿಕೊಳ್ಳಿ. ಬಲಗಣ್ಣಿನಿಂದ ಎಡಗಡೆಯ ಬೀಜವನ್ನೇ ನೋಡುತ್ತಾ ಮುಖವನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 35ರಿಂದ 40 ಸೆಂಟಿಮೀಟರ್ ದೂರದಲ್ಲಿ ಬಲಗಡೆಯ ಬೀಜ ಮಾಯವಾಗುತ್ತದೆ. ನರ ಕಣ್ಣಿನಿಂದ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಬೀಜದ ಬಿಂಬ ಆ ಜಾಗದ ಮೇಲೆ ಬಿದ್ದಿರುತ್ತದೆ. ಫ್ರಾನ್ಸಿನ ಎಡ್ಮ್ ಮಾರಿಯೋಟ್ ಇದನ್ನು ಕಂಡುಹಿಡಿದದ್ದು 1660ರ ದಶಕದಲ್ಲಿ.

ಬೀಜ ಮಾಯವಾಗುವುದಕ್ಕಿಂತ ಹೆಚ್ಚಿನ ಆಶ್ಚರ್ಯ ಇನ್ನೊಂದಿದೆ. ಅದಿದ್ದ ಜಾಗದಲ್ಲಿ ನಿಮಗೆ ಕಪ್ಪು ತೂತು ಕಾಣಿಸಲಿಲ್ಲ, ಅಲ್ವಾ? ಬಿಳಿ ಹಾಳೆಯೇ ಕಾಣಿಸಿತು. ಸುತ್ತ ಇರುವುದನ್ನು ತೆಗೆದು ಮೆದುಳು ಅಲ್ಲಿಗೆ ತೇಪೆ ಹಾಕಿತು. ಅಪ್ಪನಿಗೆ ಆದದ್ದೂ ಅದೇ. ಕಂಬ ಇರಬೇಕಾದ ಜಾಗಕ್ಕೆ ಪಕ್ಕದ ಕಾಫಿ ಗಿಡಗಳ ಹಸಿರನ್ನೇ ಮೆದುಳು ತುಂಬಿಸಿತ್ತು. ಕಾಣುತ್ತಿಲ್ಲ ಅನ್ನುವುದೇ ಅವರಿಗೆ ಕಾಣಿಸುತ್ತಿರಲಿಲ್ಲ.

ಹನಿ ಔಷಧಿ ಶುರುವಾಯಿತು. ಅದು ಉಳಿದದ್ದನ್ನು ಕಾಯುತ್ತದೆ, ಹೋದದ್ದನ್ನು ತರುವುದಿಲ್ಲ. ನಾವು ತಡವಾಗಿ ಹೋಗಿದ್ದೆವು. ಆರು ವರ್ಷದಲ್ಲಿ ಅಪ್ಪನಿಗೆ ಉಳಿದದ್ದು ಬಲಗಣ್ಣಿನಲ್ಲಿ ಒಂದಿಷ್ಟು ಬೆಳಕು, ನೆರಳು.

ಆಮೇಲೆ ನಾವು ಮಾಡಿದ ತಪ್ಪನ್ನೂ ಹೇಳಬೇಕು. ಜಗಲಿಯಲ್ಲಿ ಒಂದು ಕುರ್ಚಿ ಹಾಕಿದೆವು. 'ನೀವು ಕೂತ್ಕೊಳ್ಳಿ ಅಪ್ಪ, ನಾನು ತರ್ತೀನಿ' ಅನ್ನುವುದು ಮನೆಯ ಮಂತ್ರವಾಯಿತು. ಅಮ್ಮ ಲೋಟವನ್ನು ಕೈಗೇ ಕೊಡುತ್ತಿದ್ದರು. ಬಚ್ಚಲಿಗೆ ಕೈ ಹಿಡಿದುಕೊಂಡೇ ಹೋಗುವುದು. ನೋಡಲು ಬಂದವರು ಅವರೆದುರೇ 'ಪಾಪ' ಅಂದು ಹೋಗುತ್ತಿದ್ದರು. ಪ್ರೀತಿಯಿಂದಲೇ ಮಾಡಿದೆವು. ಹಾಗೆ ಮಾಡುತ್ತಾ ಅವರ ಕೈಯಲ್ಲಿದ್ದ ಒಂದೊಂದೇ ಕೆಲಸ ಕಿತ್ತುಕೊಂಡೆವು.

ಕೂತಷ್ಟೂ ಬೀಳುವ ಭಯ ಜಾಸ್ತಿಯಾಯಿತು. ಇದಕ್ಕೆ ಕಾರಣವಿದೆ. ನಾವು ನೇರ ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣಿನಿಂದ, ಒಳಗಿವಿಯಿಂದ, ಪಾದ ಮತ್ತು ಕೀಲುಗಳಿಂದ. ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿ ನೋಡಿ, ಮೈ ಸಣ್ಣಗೆ ತೂಗಾಡುತ್ತದೆ. ಒಂದು ಕಡೆಯ ಸುದ್ದಿ ನಿಂತಾಗ ಉಳಿದ ಎರಡನ್ನು ಹೆಚ್ಚು ನಂಬಲು ಮೆದುಳು ಕಲಿಯಬೇಕು. ಕಲಿಯುವುದು ನಡೆದೇ. ಜಗಲಿಯ ಕುರ್ಚಿಯಲ್ಲಿ ಆ ಪಾಠ ಸಿಗುವುದಿಲ್ಲ.

ಆ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಶುರುವಾಯಿತು. ಸಂಜೆ ಹೊತ್ತು ಅಪ್ಪ ಗೋಡೆಯ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ಎಷ್ಟೋ ದಿನ ಕೇಳಿದ ಮೇಲೆ ಬಾಯಿಬಿಟ್ಟರು. ಬಿಳಿ ಪಂಚೆ ಉಟ್ಟ ಗೇಣುದ್ದದ ಮನುಷ್ಯರು ಸಾಲಾಗಿ ಹೋಗುತ್ತಾರಂತೆ. ಸದ್ದಿಲ್ಲ, ಮಾತಿಲ್ಲ. ನಿಜವಲ್ಲ ಅಂತ ಅವರಿಗೆ ಗೊತ್ತು. ಹೇಳಿದರೆ ತಲೆ ಕೆಟ್ಟಿದೆ ಅಂದಾರು ಎಂಬ ಹೆದರಿಕೆ. ಅಮ್ಮನಿಗೆ ತೀರಿಕೊಂಡ ಹಿರಿಯರಿಗೆ ಎಡೆ ಇಡುವ 'ಕಾರಣ' ಕೊಟ್ಟಿಲ್ಲವಲ್ಲ ಅನ್ನುವ ಚಿಂತೆ ಹತ್ತಿತು.

ಇದಕ್ಕೆ ಚಾರ್ಲ್ಸ್ ಬೋನೆ ಸಿಂಡ್ರೋಮ್ ಅಂತ ಹೆಸರು. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೋನೆ ತನ್ನ ಅಜ್ಜನಿಗೆ ಹೀಗೆ ಮನುಷ್ಯರು, ಹಕ್ಕಿಗಳು, ಕಟ್ಟಡಗಳು ಕಾಣಿಸುತ್ತಿದ್ದದ್ದನ್ನು 1760ರಲ್ಲಿ ಬರೆದಿಟ್ಟ. ಆ ಅಜ್ಜನ ಕಣ್ಣು ಮಂದವಾಗಿತ್ತು, ಬುದ್ಧಿ ಚೆನ್ನಾಗಿಯೇ ಇತ್ತು. ಮೆದುಳಿನ ಹಿಂಭಾಗದಲ್ಲಿ ನೋಟಕ್ಕೆಂದೇ ದೊಡ್ಡ ಜಾಗವಿದೆ. ಕಣ್ಣಿನಿಂದ ಸುದ್ದಿ ಬರುವುದು ನಿಂತರೂ ಆ ಜಾಗ ಸುಮ್ಮನಿರುವುದಿಲ್ಲ, ತಾನೇ ಚಿತ್ರ ಹುಟ್ಟಿಸುತ್ತದೆ. 1998ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇಂಥವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಬಣ್ಣದ ಚಿತ್ರ ಕಾಣಿಸುವ ಹೊತ್ತಿಗೆ ಬಣ್ಣ ಗುರುತಿಸುವ ಭಾಗವೇ ಚುರುಕಾದದ್ದು ಕಂಡಿತು. ಕಾಲು ಕತ್ತರಿಸಿದ ಮೇಲೂ ಇಲ್ಲದ ಕಾಲು ನೋಯುತ್ತದೆ ಅನ್ನುವವರಿದ್ದಾರೆ. ಇದು ಅದರ ನೆಂಟ ಅನ್ನಬಹುದು. ದೀಪ ಹಾಕಿ, ಕಣ್ಣನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಹೊರಳಿಸಿ ಅಂದರು ಡಾಕ್ಟರು. ಹೆಚ್ಚಿನ ಸಲ ಅಷ್ಟಕ್ಕೇ ಮೆರವಣಿಗೆ ಕರಗುತ್ತಿತ್ತು. ಔಷಧಿಗಿಂತ ಹೆಚ್ಚು ಕೆಲಸ ಮಾಡಿದ್ದು 'ಇದು ಹುಚ್ಚಲ್ಲ' ಅನ್ನುವ ಅವರ ಒಂದು ಮಾತು. ನಿಮ್ಮ ಮನೆಯಲ್ಲಿ ಕಣ್ಣು ಮಂದವಾದ ಹಿರಿಯರಿದ್ದರೆ ದಯವಿಟ್ಟು ಒಮ್ಮೆ ಮೆತ್ತಗೆ ಕೇಳಿ. ತಾವಾಗಿ ಹೇಳುವವರು ಕಡಿಮೆ.

ನಿದ್ದೆಯೂ ಕೆಟ್ಟಿತ್ತು. ರಾತ್ರಿ ಎರಡಕ್ಕೆ ಎದ್ದು ಬೆಳಗಾಯಿತಾ ಅಂತ ಕೇಳುತ್ತಿದ್ದರು. ನಮ್ಮ ಮೈಯ ಗಡಿಯಾರದ ಒಂದು ದಿನ 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಉದ್ದ. ಬೆಳಗಿನ ಬೆಳಕು ದಿನಾ ಅದನ್ನು ಸರಿ ಮಾಡುತ್ತದೆ. ಈ ಕೆಲಸಕ್ಕೆ ಕಣ್ಣಿನಲ್ಲಿ ಬೇರೆಯೇ ಕೋಶಗಳಿವೆ, ಅವುಗಳಿಗೆ ನೇರವಾಗಿ ಬೆಳಕು ತಿಳಿಯುತ್ತದೆ ಅಂತ 2002ರಲ್ಲಿ ಗೊತ್ತಾಯಿತು. ಗ್ಲಾಕೋಮಾ ಇವುಗಳನ್ನೂ ತಿನ್ನುತ್ತದೆ. ಅಪ್ಪನಿಗೆ ಇನ್ನೂ ಸ್ವಲ್ಪ ಬೆಳಕು ಗೊತ್ತಾಗುತ್ತಿದ್ದದ್ದರಿಂದ ಮಳೆ ನಿಂತ ಮೇಲೆ ಬೆಳಿಗ್ಗೆ ಎಳೆಬಿಸಿಲಿಗೆ ಅಂಗಳದಲ್ಲಿ ಕೂರಿಸಿದೆವು. ನಿದ್ದೆ ಪೂರ್ತಿ ಸರಿಯಾಗಲಿಲ್ಲ. ಎರಡು ಗಂಟೆ ನಾಲ್ಕಾಯಿತು.

ಹಾಗೆ ಅಂಗಳದಲ್ಲಿ ಕೂತಿದ್ದಾಗಲೇ ಅದು ನಡೆದದ್ದು. ಜನವರಿ, ಕಣದ ತುಂಬಾ ಚೆರಿ, ಅಂದರೆ ಕಾಫಿ ಹಣ್ಣು, ಒಣಗಲು ಹರಡಿತ್ತು. ಮೋಡ ಬೇರೆ. ಮೂಟೆ ಕಟ್ಟಬೇಕೋ, ಇನ್ನೆರಡು ದಿನ ಬಿಡಬೇಕೋ ನನಗೆ ತಿಳಿಯಲಿಲ್ಲ. ಹಸಿ ಇದ್ದಾಗ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ನಾನು ಆಳುಗಳ ಹತ್ತಿರ ಮಾತಾಡುತ್ತಿದ್ದದ್ದನ್ನು ಕೇಳಿ ಅಪ್ಪ ಎದ್ದರು. ಕಾಲಲ್ಲೇ ಕಣದ ಅಂಚು ಹುಡುಕಿ, ಬಗ್ಗಿ, ಒಂದು ಮುಷ್ಟಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಚೆನ್ನಾಗಿ ಒಣಗಿದ ಚೆರಿಯಲ್ಲಿ ಬೀಜ ಸಿಪ್ಪೆಯಿಂದ ಬಿಟ್ಟುಕೊಂಡು ಗಲಗಲ ಅನ್ನುತ್ತದೆ. ಕಾಫಿ ಬೆಳೆಯುವವರೆಲ್ಲ ನೋಡುವ ಪರೀಕ್ಷೆ ಇದು. ನಾನೂ ಮಾಡುತ್ತೇನೆ, ಆದರೆ ಬಣ್ಣ ನೋಡಿ ಆಗಲೇ ತೀರ್ಮಾನ ಮಾಡಿರುತ್ತೇನೆ. ಅಪ್ಪ ನಾಲ್ಕು ಕಡೆ ತೆಗೆದು ಅಲ್ಲಾಡಿಸಿದರು. 'ಈ ಕಡೆದು ಆಗಿದೆ. ಗೋಡೌನ್ ಪಕ್ಕದ್ದು ಆಗಿಲ್ಲ, ನೆರಳು ಬೀಳುತ್ತಲ್ಲ' ಅಂದರು. ಸರಿಯಾಗಿಯೇ ಇತ್ತು. ಮಾರನೇ ದಿನದಿಂದ ಕಣ ಅಪ್ಪನದಾಯಿತು.

ಕಣ್ಣು ಹೋದರೆ ಕಿವಿ ತಾನಾಗಿ ಚುರುಕಾಗುತ್ತದೆ ಅನ್ನುತ್ತಾರೆ. ವಯಸ್ಸಾದ ಮೇಲೆ ನೋಟ ಕಳೆದುಕೊಂಡವರಿಗೆ ಹಾಗೆ ಪುಕ್ಕಟೆ ಏನೂ ಸಿಗುವುದಿಲ್ಲ. ಕಿವಿ ಅದೇ ಕಿವಿ, ಅದಕ್ಕೆ ಕೊಡುವ ಗಮನ ಬದಲಾಗುತ್ತದೆ. ಆ ಗಮನ ಬರುವುದು ಅಭ್ಯಾಸದಿಂದ. ಅಮೆರಿಕದ ಬಾಸ್ಟನ್ನಿನಲ್ಲಿ ಕಣ್ಣು ಚೆನ್ನಾಗಿದ್ದವರಿಗೇ ಐದು ದಿನ ಪೂರ್ತಿ ಪಟ್ಟಿ ಕಟ್ಟಿ ಬ್ರೈಲ್ ಕಲಿಸಿದರು. ಐದನೇ ದಿನಕ್ಕೆ ಬೆರಳಿನ ಸ್ಪರ್ಶಕ್ಕೆ ಅವರ ಮೆದುಳಿನ ನೋಟದ ಜಾಗವೂ ಸ್ಪಂದಿಸುತ್ತಿತ್ತು. ಪಟ್ಟಿ ಬಿಚ್ಚಿದ ಒಂದು ದಿನದಲ್ಲಿ ಅದು ನಿಂತುಹೋಯಿತು. 2008ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿದಾಗ ನನಗೆ ಗೋಡೆಯ ಮೇಲಿನ ಬಿಳಿ ಪಂಚೆಯವರು ನೆನಪಾದರು. ಕೆಲಸವಿಲ್ಲದೆ ಚಿತ್ರ ಬಿಡಿಸುತ್ತಿದ್ದದ್ದು ಇದೇ ಜಾಗ. (ಅವರು ಈಗಲೂ ಅಪರೂಪಕ್ಕೆ ಬರುತ್ತಾರೆ. ಅಪ್ಪ ಹೆದರುವುದಿಲ್ಲ, ಅಷ್ಟೇ.)

ಕಣದಿಂದ ಗೋಡೌನಿಗೆ ಹೋಗುವಾಗ ಗೋಡೆ ಎರಡು ಮಾರು ಇದೆ ಅನ್ನುವಾಗಲೇ ಅಪ್ಪ ನಿಲ್ಲುತ್ತಾರೆ. 'ಮುಖಕ್ಕೆ ಏನೋ ಅಡ್ಡ ಬಂದ ಹಾಗಾಗುತ್ತೆ' ಅನ್ನುತ್ತಾರೆ. ಹಿಂದೆ ತುಂಬ ಜನ ಇದು ಮುಖದ ಚರ್ಮದ ಶಕ್ತಿ ಅಂತಲೇ ನಂಬಿದ್ದರು. 1944ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದರು. ಮುಖ ಮುಚ್ಚಿದರೂ ಕಣ್ಣು ಕಾಣದವರು ಗೋಡೆಯ ಮುಂದೆ ನಿಂತರು. ಕಿವಿ ಮುಚ್ಚಿದಾಗ ಹೋಗಿ ಡಿಕ್ಕಿ ಹೊಡೆದರು. ಹೆಜ್ಜೆಯ ಸದ್ದು ಗೋಡೆಗೆ ತಾಗಿ ವಾಪಸ್ ಬರುವುದನ್ನು ಕಿವಿ ಹಿಡಿಯುತ್ತಿತ್ತು. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಲೋರ್ ಥಾಲರ್ ಮತ್ತು ಜೊತೆಯವರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಯಲ್ಲಿ ಟಕ್ ಅನ್ನಿಸಿ ಪ್ರತಿಧ್ವನಿಯಿಂದ ವಸ್ತು ಗುರುತಿಸುವುದನ್ನು ಹತ್ತು ವಾರದಲ್ಲಿ ಕಲಿಸಿದ್ದರು. ಕಲಿತವರ ವಯಸ್ಸು 21ರಿಂದ 79. ವಯಸ್ಸಾಯಿತು ಅಂತ ಯಾರೂ ಹಿಂದೆ ಬೀಳಲಿಲ್ಲ. ಅಪ್ಪನಿಗೆ ಆಗ 71. ಓದಿ ಹೇಳಿದೆ. ಏನೂ ಅನ್ನಲಿಲ್ಲ, ಆದರೆ ಅವತ್ತು ಸಂಜೆ ಕೊಟ್ಟಿಗೆಯ ಕಡೆಯಿಂದ ಟಕ್ ಟಕ್ ಕೇಳಿಸಿತು.

ಬಿಳಿ ಕೋಲು ಬಂದದ್ದು ಆಮೇಲೆ. ಎದೆಮಟ್ಟದ ಉದ್ದ ಕೋಲನ್ನು ಬೀಸುತ್ತಾ ನಡೆಯುವ ಕ್ರಮವನ್ನು ರಿಚರ್ಡ್ ಹೂವರ್ ರೂಪಿಸಿದ್ದು ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರಿಗಾಗಿ. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕಿರಬೇಕು. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿರುತ್ತದೆ. ನಮ್ಮ ಇಳಿಜಾರಿನಲ್ಲಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಇದು ಸುಲಭವಲ್ಲ. ಆನೆ ಓಡಾಡುವ ಕಾಲದಲ್ಲಿ ತೋಟದ ಒಳಗೆ ಒಬ್ಬರನ್ನೇ ಬಿಡುವುದಿಲ್ಲ. ಜೂನ್ ಬಂದರಂತೂ ತಗಡಿನ ಮಾಡಿನ ಮೇಲೆ ಬೀಳುವ ಮಳೆ ಎಲ್ಲ ಪ್ರತಿಧ್ವನಿಯನ್ನೂ ನುಂಗಿಬಿಡುತ್ತದೆ. ಅದಕ್ಕೆ ಜಗಲಿಯಿಂದ ಬಚ್ಚಲಿನವರೆಗೆ ತೆಂಗಿನ ಹಗ್ಗ ಕಟ್ಟಿದ್ದೇವೆ.

ಮನೆಯಲ್ಲಿ ಮಾಡಿದ್ದು ಸಣ್ಣ ಸಣ್ಣ ಬದಲಾವಣೆ. ಕಾವಿ ನೆಲ, ಕಾವಿ ಮೆಟ್ಟಿಲು. ಕೆಂಪಿನಲ್ಲಿ ಕೆಂಪು ಸೇರಿ ಅಂಚೇ ತಿಳಿಯುತ್ತಿರಲಿಲ್ಲ. ಅಂಚಿಗೆ ಮೂರು ಬೆರಳಗಲ ಬಿಳಿ ಬಣ್ಣ ಬಳಿದೆವು. ಕರಿ ಕಾಫಿಗೆ ಬಿಳಿ ಕಪ್. ಇಟ್ಟ ವಸ್ತುವನ್ನು ಹೇಳದೆ ಯಾರೂ ಜರುಗಿಸುವಂತಿಲ್ಲ. ಈ ನಿಯಮವನ್ನು ಹೆಚ್ಚು ಮುರಿದದ್ದು ನಾನೇ.

ಶನಿವಾರದ ಬಟವಾಡೆಯೂ ಅಪ್ಪನ ಕೈಗೆ ವಾಪಸ್ ಹೋಯಿತು. ಹೊಸ ನೋಟುಗಳಲ್ಲಿ 100, 200, 500ರ ಅಗಲ ಒಂದೇ, 66 ಮಿಲಿಮೀಟರ್. ಉದ್ದ 142, 146, 150. ನಾಲ್ಕು ನಾಲ್ಕು ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ನೂರಕ್ಕೆ ಉಬ್ಬಿದ ತ್ರಿಕೋನ, ಐನೂರಕ್ಕೆ ಉಬ್ಬಿದ ವೃತ್ತ ಇದೆ, ಆದರೆ ನೋಟು ಹಳೆಯದಾದರೆ ಅದು ಸವೆದುಹೋಗುತ್ತದೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ 'ಮನಿ' (MANI) ಅನ್ನುವ ಮೊಬೈಲ್ ಆ್ಯಪ್ ನೋಟಿನ ಬೆಲೆ ಓದಿ ಹೇಳುತ್ತದೆ. ಅಪ್ಪ ಬೆರಳನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಎಣಿಸಿ ಕೊಟ್ಟದ್ದನ್ನು ಕೆಲಸದವರು ಅವರೆದುರೇ ಜೋರಾಗಿ ಎಣಿಸುತ್ತಾರೆ. ಹಾಗೆ ಮಾಡಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಗ್ಲಾಕೋಮಾ ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. 40 ದಾಟಿದ ಮೇಲೆ ನಾನೂ ಪರೀಕ್ಷೆಗೆ ಹೋದೆ. ಒತ್ತಡ ನೋಡಿದರು. ಪಾಪೆ ಹಿಗ್ಗಿಸಿ ನರದ ಬುಡ ನೋಡಿದರು. ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ಎಲ್ಲೋ ಮೂಲೆಯಲ್ಲಿ ಚುಕ್ಕಿ ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಎಷ್ಟೋ ಹೊತ್ತು ಏನೂ ಮಿನುಗದಿದ್ದಾಗ ಬೆವರಿದೆ.

ಸಂಜೆ ಮನೆಗೆ ಬಂದಾಗ ಅಪ್ಪ ಕಣದಲ್ಲಿದ್ದರು. ಬೂಟಿನ ಸದ್ದಿಗೇ ತಿರುಗಿದರು.

'ಏನಂದ್ರು?'

'ಸದ್ಯಕ್ಕೆ ಸರಿ ಇದೆ. ವರ್ಷ ವರ್ಷ ಬರಬೇಕಂತೆ.'

'ಮುಂದಿನ ತಾರೀಕು ಈಗಲೇ ಬರೆದುಕೋ. ಮರೆತುಬಿಡ್ತೀಯ.'

ಗೋಡೌನ್ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಬರೆದೆ. ಅಪ್ಪ ಪಕ್ಕದಲ್ಲೇ ನಿಂತು, ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದರು.