ಮಸಿಯ ಬೊಂಬೆ ಬಿಟ್ಟು ಓಡುವ ಬೊಂಡಾಸ್

ಕಳೆದ ಶುಕ್ರವಾರ ಮಡಿಕೇರಿ ಸಂತೆಯಿಂದ ಬರುವಾಗ ಬೊಂಡಾಸ್, ಅಂದರೆ ಸ್ಕ್ವಿಡ್ ಎಂಬ ಕಡಲ ಜೀವಿಯನ್ನು ತಂದಿದ್ದೆ. ಮಲಯಾಳ ಮಾತಾಡುವ ನಮ್ಮ ನೆರೆಯವರು ಇದನ್ನೇ ಕೂಂದಲ್ ಅನ್ನುತ್ತಾರೆ. ತೊಳೆಯುವಾಗ ಉಗುರು ತಾಗಿ ಒಳಗಿದ್ದ ಬೆಳ್ಳಿ ಬಣ್ಣದ ಚೀಲ ಒಡೆಯಿತು. ಅಷ್ಟೇ, ಪಾತ್ರೆಯ ನೀರೆಲ್ಲ ಕಪ್ಪು. "ಅಯ್ಯೋ, ಪಿತ್ತ ಒಡೀತು! ಸಾರು ಕಹಿಯಾಗುತ್ತೆ, ಬಿಸಾಕು" ಅಂದರು ಅತ್ತೆ.

ಅದು ಪಿತ್ತ ಅಲ್ಲ, ಕೊಳೆಯೂ ಅಲ್ಲ. ಸ್ಪೇನ್, ಇಟಲಿಯಲ್ಲಿ ಇದನ್ನು ಹಾಕಿಯೇ ಅನ್ನ ಬೇಯಿಸುತ್ತಾರೆ. ಅದು ಬೊಂಡಾಸ್ ಜೀವ ಉಳಿಸಿಕೊಳ್ಳಲು ಇಟ್ಟುಕೊಂಡಿದ್ದ ಮಸಿ. ನಮ್ಮ ತಲೆಗೂದಲಿಗೆ ಕಪ್ಪು ಕೊಡುವ ಮೆಲನಿನ್ ಅದರಲ್ಲೂ ಇದೆ.

ಮಸಿ ಉಗುಳಿ ಕತ್ತಲೆ ಮಾಡಿ ತಪ್ಪಿಸಿಕೊಳ್ಳುತ್ತದೆ ಅಂತ ಎಲ್ಲರೂ ಓದಿರುತ್ತೇವೆ, ಅಲ್ವಾ? ಅದು ಅರ್ಧ ಕಥೆ ಮಾತ್ರ. ಜುಲೈಯಲ್ಲಿ ರಾಜಾಸೀಟಿನ ಮಂಜಿನೊಳಗೆ ಎದುರಿಗಿದ್ದವರೇ ಮಾಯವಾಗುತ್ತಾರಲ್ಲ, ಅಂಥ ಮರೆ ಅದು. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಅದರ ಗುಟ್ಟು ಮಸಿಯ ಜೊತೆ ಬೆರೆಯುವ ಲೋಳೆಯಲ್ಲಿದೆ. ನೀರಿಗೆ ಬಿದ್ದ ಮಸಿ ಹರಡುತ್ತದೆ. ಗಟ್ಟಿ ಗಂಜಿಗೆ ಬಿದ್ದದ್ದು ಬಿದ್ದಲ್ಲೇ ನಿಲ್ಲುತ್ತದೆ. ಹಾಗೆಯೇ ಲೋಳೆ ಕಡಿಮೆ ಇದ್ದರೆ ಮಸಿ ಮೋಡವಾಗುತ್ತದೆ, ಜಾಸ್ತಿ ಇದ್ದರೆ ಉಂಡೆ ಕಟ್ಟುತ್ತದೆ. ಆ ಉಂಡೆ ಹೆಚ್ಚುಕಮ್ಮಿ ಬೊಂಡಾಸಿನಷ್ಟೇ ದೊಡ್ಡದು! ಅದನ್ನು ಅಲ್ಲಿ ಬಿಟ್ಟು, ತನ್ನ ಮೈಬಣ್ಣ ತಿಳಿಯಾಗಿಸಿಕೊಂಡು, ನೀರು ಚಿಮ್ಮಿಸುತ್ತಾ ಬೊಂಡಾಸ್ ಹೊರಟುಬಿಡುತ್ತದೆ.

ಗದ್ದೆಯ ಬೆರ್ಚಪ್ಪ ಅನ್ನೋಣವೇ? ಬೆರ್ಚಪ್ಪ ಹಕ್ಕಿಯನ್ನು ಓಡಿಸುತ್ತಾನೆ, ಈ ಬೊಂಬೆ ಶತ್ರುವನ್ನು ಕರೆಯುತ್ತದೆ. ಹಲ್ಲಿ ಬಾಲ ಬಿಟ್ಟು ಓಡುವುದು ಇದಕ್ಕೆ ಹತ್ತಿರ. ಆದರೆ ಹಲ್ಲಿ ಮೈಯ ತುಂಡನ್ನೇ ಕಳೆದುಕೊಳ್ಳುತ್ತದೆ, ಬೊಂಡಾಸಿಗೆ ಹೋಗುವುದು ಒಂದಿಷ್ಟು ಮಸಿ. ಪುಟ್ಟ ಆಕ್ಟೋಪಸ್‌ಗಳೂ ಹೀಗೆ ಮಾಡುತ್ತವೆ. ಅವು ಬಿಟ್ಟ ಉಂಡೆಗೆ ಆಮೆ ಮರಿಗಳು ಬಾಯಿ ಹಾಕಿ ಮೋಸ ಹೋದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಕಡಲ ಮೊಲ ಎಂಬ ಮೃದ್ವಂಗಿ ಮೂಗಿಗೇ ಮೋಸ ಮಾಡುತ್ತದೆ. ಅದು ಬಿಡುವ ನೇರಳೆ ಮಸಿ ಮತ್ತು ಅಂಟಿನಲ್ಲಿ ಆಹಾರದ ರುಚಿ ಇರುತ್ತದೆ. ಹಿಡಿಯಲು ಬಂದ ಲಾಬ್‌ಸ್ಟರ್ ಬೇಟೆಯನ್ನು ಬಿಟ್ಟು ಅಂಟನ್ನೇ ನೆಕ್ಕುತ್ತಾ ಕೂರುತ್ತದೆ.

ಬೊಂಡಾಸ್ ಮತ್ತು ಅದರ ಬಂಧುಗಳ ಮಸಿಯ ಬಾಳಿಕೆ ನೋಡಿ. ಪಳೆಯುಳಿಕೆ ಸಂಗ್ರಹಿಸುತ್ತಿದ್ದ ಇಂಗ್ಲೆಂಡಿನ ಎಲಿಜಬೆತ್ ಫಿಲ್ಪಾಟ್ 1833ರಲ್ಲಿ ಪಳೆಯುಳಿಕೆಯಲ್ಲಿ ಸಿಕ್ಕ ಮಸಿಯನ್ನೇ ಕಲಸಿ, ಕೋಟ್ಯಂತರ ವರ್ಷ ಹಿಂದಿನ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ತಲೆಬುರುಡೆಯ ಚಿತ್ರ ಬರೆದರು. 2012ರಲ್ಲಿ ಸುಮಾರು 16 ಕೋಟಿ ವರ್ಷ ಹಳೆಯ ಮಸಿಯನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಅದರ ಮೆಲನಿನ್, ಬೊಂಡಾಸಿನ ಬಂಧುವಾದ ಈಗಿನ ಕಟ್ಲ್‌ಫಿಷ್‌ನ ಮಸಿಯದ್ದರ ಹಾಗೆಯೇ ಇತ್ತು. ಅಜ್ಜನ ಕಾಲದ ಫೋಟೋಗಳ ಕಂದು ಬಣ್ಣಕ್ಕೆ ಸೆಪಿಯಾ ಅನ್ನುತ್ತೇವಲ್ಲ, ಅದೂ ಕಟ್ಲ್‌ಫಿಷ್‌ನ ಗ್ರೀಕ್ ಹೆಸರೇ.

ಬೆಳಕೇ ಇಳಿಯದ ಆಳದಲ್ಲಿ ಕಪ್ಪು ಮಸಿ ಯಾರಿಗೆ ಕಾಣಬೇಕು? ಅಲ್ಲಿರುವ ವ್ಯಾಂಪೈರ್ ಸ್ಕ್ವಿಡ್‌ಗೆ ಮಸಿ ಚೀಲವೇ ಇಲ್ಲ. ಬೆದರಿದರೆ ತೋಳುಗಳ ತುದಿಯಿಂದ ಹೊಳೆಯುವ ಲೋಳೆ ಬಿಡುತ್ತದೆ. ಮುಂಗಾರಿಗೆ ಮುಂಚೆ ನಮ್ಮ ಕಾಫಿ ತೋಟದ ಮರಗಳಲ್ಲಿ ಮಿಂಚುಹುಳ ತುಂಬಿಕೊಂಡ ಹಾಗೆ ಸುತ್ತಲೂ ನೀಲಿ ಚುಕ್ಕಿಗಳು. ಬಂದ ಶತ್ರು ಅವುಗಳ ನಡುವೆ ಹುಡುಕುತ್ತಿರುವಾಗ, ಅದು ಕತ್ತಲೆಗೆ ಜಾರಿರುತ್ತದೆ.