ಗಾರ್: ಕಾನೂನಿನೊಳಗೇ ತೆರಿಗೆ ತಪ್ಪಿಸುವುದಕ್ಕೆ ಕಡಿವಾಣ

ಆದಾಯ ಮುಚ್ಚಿಟ್ಟರೆ, ಸುಳ್ಳು ಬಿಲ್ ಸೃಷ್ಟಿಸಿದರೆ ಅದು ತೆರಿಗೆ ವಂಚನೆ; ಅದಕ್ಕೆ ದಂಡ, ಮೊಕದ್ದಮೆ ಎರಡೂ ಉಂಟು. ಎಲ್ಲವನ್ನೂ ಲೆಕ್ಕದಲ್ಲಿ ತೋರಿಸಿ, ತೆರಿಗೆ ಇಳಿಯಲೆಂದೇ ವ್ಯವಹಾರವನ್ನು ಹೆಣೆದರೆ ಅದು ತೆರಿಗೆ ತಪ್ಪಿಸುವಿಕೆ. ಇದನ್ನು ತಡೆಯಲು ಹಲವು ದೇಶಗಳು ಬರೆದುಕೊಂಡಿರುವ ಸಾಮಾನ್ಯ ನಿಯಮವೇ ಗಾರ್ (GAAR, ಜನರಲ್ ಆಂಟಿ-ಅವಾಯ್ಡೆನ್ಸ್ ರೂಲ್).

ಒಂದೊಂದು ದಾರಿಗೂ ಒಂದೊಂದು ನಿಯಮ ಮಾಡಿದರೆ ಸಾಲದೇ? ಬೆಲೆ ಬಿದ್ದ ಷೇರನ್ನು ಇವತ್ತು ಮಾರಿ ನಾಳೆ ಮತ್ತೆ ಕೊಂಡರೆ ಕೈಯಲ್ಲಿ ಇದ್ದದ್ದೇ ಇರುತ್ತದೆ, ಪುಸ್ತಕದಲ್ಲಿ ಮಾತ್ರ ನಷ್ಟ ಹುಟ್ಟುತ್ತದೆ. ಆ ನಷ್ಟವನ್ನು ಬೇರೆ ಲಾಭದ ಎದುರು ಕಳೆದು ತೆರಿಗೆ ಉಳಿಸಬಹುದು. ಅಮೆರಿಕದ ಕಾನೂನು ಇದಕ್ಕೆ ತಡೆ ಹಾಕಿದೆ: ಮಾರಾಟದ ಹಿಂದಿನ ಅಥವಾ ಮುಂದಿನ 30 ದಿನಗಳಲ್ಲಿ ಅದೇ ಷೇರು ಕೊಂಡರೆ ಆ ನಷ್ಟವನ್ನು ಆಗ ಕಳೆಯುವಂತಿಲ್ಲ. ಆದರೆ ಹೆಚ್ಚುಕಡಿಮೆ ಹಾಗೆಯೇ ಏರಿಳಿಯುವ ಇನ್ನೊಂದು ಕಂಪನಿಯ ಷೇರು ಕೊಂಡರೆ ಈ ನಿಯಮ ತಟ್ಟುವುದೇ ಇಲ್ಲ. ಗೆರೆ ಸ್ಪಷ್ಟವಾಗಿದ್ದಷ್ಟೂ ಅದರ ಪಕ್ಕದಲ್ಲೇ ನಡೆದುಹೋಗುವುದು ಸುಲಭ.

ಗಾರ್ ದಿನ ಎಣಿಸುವುದಿಲ್ಲ, ಉದ್ದೇಶ ನೋಡುತ್ತದೆ. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ಗಾರ್‌ಗೆ ಎರಡು ಮೆಟ್ಟಿಲು. ಮೊದಲು, ವ್ಯವಹಾರದ ಮುಖ್ಯ ಉದ್ದೇಶ ತೆರಿಗೆ ಲಾಭವಾಗಿರಬೇಕು. ಅಷ್ಟೇ ಸಾಲದು. ಅದಕ್ಕೆ ವಾಣಿಜ್ಯದ ತಿರುಳಿಲ್ಲದಿರುವುದು, ಕಾನೂನಿನ ದುರ್ಬಳಕೆ, ಅಪರಿಚಿತರ ನಡುವೆ ನಡೆಯದಂಥ ಷರತ್ತು, ಪ್ರಾಮಾಣಿಕವಲ್ಲದ ರೀತಿ ಇವುಗಳಲ್ಲಿ ಒಂದಾದರೂ ಸೇರಬೇಕು. ಹಣ ತಮ್ಮದೇ ಕಂಪನಿಗಳ ನಡುವೆ ಸುತ್ತಿ ಹೊರಟಲ್ಲಿಗೇ ಮರಳುವುದು ತಿರುಳಿಲ್ಲದ ವ್ಯವಹಾರಕ್ಕೆ ಮಾದರಿ. ಆಗ ನಡುವಿನ ಹೆಜ್ಜೆಗಳನ್ನು ಕೈಬಿಟ್ಟು ತೆರಿಗೆಯನ್ನು ಮತ್ತೆ ಲೆಕ್ಕ ಹಾಕಬಹುದು. ಸರ್ಕಾರವೇ ಉಳಿತಾಯಕ್ಕೆಂದು ಕೊಟ್ಟ ವಿನಾಯಿತಿಯನ್ನು ಅದರ ಆಶಯದಂತೆಯೇ ಪಡೆದವರು ಇದಕ್ಕೆ ಅಂಜಬೇಕಿಲ್ಲ.

ಉದ್ದೇಶ ಅಳೆಯುವ ಅಧಿಕಾರ ದೊಡ್ಡದು, ಅದಕ್ಕೂ ಲಗಾಮು ಬೇಕೇ ಬೇಕು. ಭಾರತದಲ್ಲಿ ವರ್ಷಕ್ಕೆ 3 ಕೋಟಿ ರೂಪಾಯಿವರೆಗಿನ ತೆರಿಗೆ ಲಾಭಕ್ಕೆ ಗಾರ್ ಅನ್ವಯಿಸುವುದಿಲ್ಲ. ಗಾರ್ ಹೂಡಬಹುದೇ ಎಂದು ಪರಿಶೀಲಿಸಲು ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಮುಖ್ಯಸ್ಥರಾದ ಸಮಿತಿಯೂ ಇದೆ. ಬ್ರಿಟನ್ನಿನ 2013ರ ನಿಯಮದಲ್ಲಿ ಈ ಲಗಾಮು ಇನ್ನೂ ಬಿಗಿ: ತೆರಿಗೆದಾರರು ಹೆಣೆದ ವ್ಯವಹಾರ ಸಮಂಜಸವೆಂಬ ಅಭಿಪ್ರಾಯವೇ ಅಸಮಂಜಸ ಎಂದು ತೆರಿಗೆ ಇಲಾಖೆ ಸಾಧಿಸಬೇಕು.

ನನ್ನ ಮಟ್ಟಿಗೆ ಅತ್ಯಂತ ಕೆಟ್ಟ ಉತ್ತರವೆಂದರೆ ಹಿಂದಿನ ದಿನಾಂಕದಿಂದ ಕಾನೂನು ಬದಲಿಸುವುದು. ವಿದೇಶಿ ಕಂಪನಿಯೊಂದನ್ನು ಕೊಂಡು ಭಾರತದ ಮೊಬೈಲ್ ಉದ್ಯಮ ಪಡೆದ ವೊಡಾಫೋನ್ ಇಲ್ಲಿ ತೆರಿಗೆ ಕಟ್ಟಬೇಕಿಲ್ಲ ಎಂದು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂಥ ವ್ಯವಹಾರಕ್ಕೂ ತೆರಿಗೆ ಬೀಳಲೆಂದು ಅದೇ ವರ್ಷ ಭಾರತ 1962ರಿಂದಲೇ ಅನ್ವಯವಾಗುವಂತೆ ತಿದ್ದುಪಡಿ ತಂದಿತು. 2020ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿಯಲ್ಲಿ ಸೋತು, 2021ರಲ್ಲಿ ಆ ತಿದ್ದುಪಡಿಯ ಮೇಲೆ ಹೂಡಿದ್ದ ತೆರಿಗೆ ಬೇಡಿಕೆಗಳನ್ನು ಕೈಬಿಟ್ಟಿತು.

ಗಾರ್‌ಗೆ ನಿಲುಕದ್ದೂ ಇದೆ. ಬಹುರಾಷ್ಟ್ರೀಯ ಕಂಪನಿಗಳು ಕಡಿಮೆ ತೆರಿಗೆಯ ದೇಶಕ್ಕೆ ಲಾಭ ಸಾಗಿಸುವುದನ್ನು ಒಂದು ದೇಶದ ನಿಯಮವೊಂದೇ ತಡೆಯಲಾರದು. 75 ಕೋಟಿ ಯೂರೊ ಅಥವಾ ಹೆಚ್ಚಿನ ವಹಿವಾಟಿನ ಸಮೂಹಗಳಿಗೆ 15% ಕನಿಷ್ಠ ತೆರಿಗೆ ಎಂಬ 2021ರ ಜಾಗತಿಕ ಒಪ್ಪಂದ ಹುಟ್ಟಿದ್ದು ಅದಕ್ಕಾಗಿಯೇ. ಇನ್ನು, ಒಂದೇ ಬಗೆಯ ವ್ಯವಹಾರಕ್ಕೆ ಮತ್ತೆ ಮತ್ತೆ ಗಾರ್ ಹೂಡಬೇಕಾಗಿ ಬಂದರೆ, ಆ ವಿನಾಯಿತಿಯ ಕಲಮನ್ನೇ ಸಂಸತ್ತು ತಿದ್ದಬೇಕು, ಮುಂದಿನ ವರ್ಷದಿಂದ ಅನ್ವಯವಾಗುವಂತೆ.