ಓದುಗರ ಪ್ರಶ್ನೆ: ಯೋಹಾನನ ಸುವಾರ್ತೆಯ ಆ ಹನ್ನೆರಡು ವಚನಗಳಿಗೆ ಕಂಸ ಯಾಕೆ?

ಪ್ರಶ್ನೆ: ನನ್ನ ಬೈಬಲಿನಲ್ಲಿ ಯೋಹಾನ 7:53ರಿಂದ 8:11ರವರೆಗಿನ ಭಾಗವನ್ನು ಕಂಸದೊಳಗೆ ಹಾಕಿದ್ದಾರೆ. ಹಳೆಯ ಪ್ರತಿಗಳಲ್ಲಿ ಇದು ಇಲ್ಲ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸು ಕಲ್ಲೇಟಿನಿಂದ ಕಾಪಾಡಿದ ಕಥೆ ಅದು. ಹಾಗಾದರೆ ಅದು ಸುಳ್ಳಾ? ಯಾರೋ ಆಮೇಲೆ ಸೇರಿಸಿದ್ದಾ?

ಉತ್ತರ: ಯೋಹಾನನ ಸುವಾರ್ತೆಯನ್ನು ಮೊದಲು ಬರೆದಾಗ ಈ ಕಥೆ ಅದರಲ್ಲಿ ಇರಲಿಲ್ಲ. ಇವತ್ತು ಹೆಚ್ಚಿನ ವಿದ್ವಾಂಸರು ಹೇಳುವುದು ಇದನ್ನೇ, ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ನಿಮ್ಮ ಎರಡು ಪ್ರಶ್ನೆಗಳನ್ನು ದಯವಿಟ್ಟು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಿ. ಆಮೇಲೆ ಸೇರಿದ್ದು ಅಂದ ಮಾತ್ರಕ್ಕೆ ಸುಳ್ಳು ಅಂತ ಆಗುವುದಿಲ್ಲ.

ಈ ಕಥೆಯ ಮೇಲೆ ನನಗೆ ಬಹಳ ಪ್ರೀತಿ. ಸಂಡೇ ಸ್ಕೂಲಿನ ನಾಟಕದಲ್ಲಿ ಹಳೇ ಪೇಪರ್ ಮುದ್ದೆ ಮಾಡಿ ಕಲ್ಲು ಅಂತ ಹಿಡಿದುಕೊಂಡು ನಿಂತಿದ್ದೆವು. ಪಾಪವಿಲ್ಲದವನು ಮೊದಲ ಕಲ್ಲು ಹಾಕಲಿ ಎಂಬ ಮಾತು ಬಂದಾಗ ಒಬ್ಬೊಬ್ಬರೇ ಅದನ್ನು ಕೆಳಗೆ ಬಿಟ್ಟು ಹೋಗಬೇಕಿತ್ತು. ಅಂಥ ಕಥೆಗೆ ಕಂಸ ಕಂಡರೆ ಮನಸ್ಸಿಗೆ ಚುಚ್ಚುತ್ತದೆ, ಗೊತ್ತು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊಸ ಒಡಂಬಡಿಕೆಯ ಯಾವ ಪುಸ್ತಕದ ಮೂಲಪ್ರತಿಯೂ ಇವತ್ತು ಉಳಿದಿಲ್ಲ. ನಮ್ಮ ಹತ್ತಿರ ಇರುವುದೆಲ್ಲ ನಕಲು, ನಕಲಿನ ನಕಲು. ಗ್ರೀಕ್ ಭಾಷೆಯಲ್ಲೇ ಐದು ಸಾವಿರಕ್ಕೂ ಹೆಚ್ಚು ಕೈಬರಹದ ಪ್ರತಿಗಳಿವೆ. ಕೆಲವು ಇಡೀ ಪುಸ್ತಕ, ಕೆಲವು ಬರೀ ಚೂರು. ಕನ್ನಡ ಓದಿದವರಿಗೆ ಇದು ಹೊಸದಲ್ಲ. ಪಂಪನನ್ನೋ ಕುಮಾರವ್ಯಾಸನನ್ನೋ ಅಚ್ಚು ಹಾಕಿಸುವ ಮೊದಲು ಪಂಡಿತರು ಓಲೆಗರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ಸಾಲು ಬೇರೆಬೇರೆ ರೀತಿ ಇದ್ದರೆ ಪಾಠಾಂತರ ಅಂದರು, ಆಮೇಲೆ ಸೇರಿದ್ದನ್ನು ಪ್ರಕ್ಷಿಪ್ತ ಅಂದರು. ನಾವು ಗ್ರಂಥಸಂಪಾದನೆ ಅನ್ನುವ ಈ ಕೆಲಸ ಬೈಬಲಿಗೂ ನಡೆದಿದೆ, ಇನ್ನೂ ನಡೆಯುತ್ತಿದೆ.

ಹಾಗೆ ಪಕ್ಕಪಕ್ಕ ಇಟ್ಟಾಗ ಏನು ಕಾಣುತ್ತದೆ? ಈಜಿಪ್ಟಿನಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 200ರದು ಎನ್ನಲಾಗುವ ಪಪೈರಸ್ 66ರಲ್ಲಿ ಈ ಕಥೆ ಇಲ್ಲ (ಪಪೈರಸ್ ಅಂದರೆ ಜೊಂಡಿನಿಂದ ಮಾಡಿದ ಹಾಳೆಯ ಮೇಲೆ ಬರೆದ ಪ್ರತಿ). ಪಪೈರಸ್ 75ರಲ್ಲಿ ಇಲ್ಲ. 4ನೇ ಶತಮಾನದ ಎರಡು ದೊಡ್ಡ ಪ್ರತಿಗಳಿವೆ: ಈಗ ಹೆಚ್ಚಿನ ಭಾಗ ಲಂಡನ್ನಿನಲ್ಲಿರುವ ಸಿನಾಯ್ ಪ್ರತಿ, ವ್ಯಾಟಿಕನ್ನಿನಲ್ಲಿರುವ ವ್ಯಾಟಿಕನ್ ಪ್ರತಿ. ಅವೆರಡರಲ್ಲೂ ಇಲ್ಲ. ಈಗ ಉಳಿದಿರುವ ಗ್ರೀಕ್ ಪ್ರತಿಗಳಲ್ಲಿ ಇದು ಮೊದಲು ಕಾಣುವುದು 5ನೇ ಶತಮಾನದ ಬೇಜಾ ಪ್ರತಿಯಲ್ಲಿ, ಅದು ಕೇಂಬ್ರಿಜ್‌ನಲ್ಲಿದೆ. ಕಾನ್‌ಸ್ಟಾಂಟಿನೋಪಲ್‌ನ ಜಾನ್ ಕ್ರಿಸೊಸ್ತೊಮ್ ಯೋಹಾನನ ಸುವಾರ್ತೆಯ ಮೇಲೆ ಸಾಲಾಗಿ ಪ್ರಸಂಗ ಮಾಡಿದವರು. ಅವರು 7:52 ಆದ ಮೇಲೆ ನೇರವಾಗಿ 8:12ಕ್ಕೆ ಹೋಗುತ್ತಾರೆ.

ಆದರೆ ಈ ಕಥೆ ಇರುವ ಪ್ರತಿಗಳು ಸಾವಿರಕ್ಕೂ ಜಾಸ್ತಿ ಇವೆಯಲ್ಲ ಅಂತ ನೀವು ಕೇಳಬಹುದು. ಹೌದು, ಇವೆ. ಹೆಚ್ಚಿನವು ಬಹಳ ತಡವಾಗಿ ಬಂದವು. ಕ್ಲಾಸಿನಲ್ಲಿ ಒಬ್ಬನ ನೋಟ್ಸನ್ನು ನಲವತ್ತು ಜನ ನಕಲು ಮಾಡಿದರೆ ನಲವತ್ತು ಸಾಕ್ಷಿ ಆಗುವುದಿಲ್ಲ, ಅಲ್ವಾ? ಅಲ್ಲಿರುವುದು ಒಂದೇ ಸಾಕ್ಷಿ. ಪ್ರತಿಗಳ ತಲೆ ಎಣಿಸಿದರೆ ಸಾಲದು, ಯಾವುದು ಯಾವುದರಿಂದ ಹುಟ್ಟಿತು ಅಂತ ನೋಡಬೇಕು.

ನೀವೇ ಮನೆಯಲ್ಲಿ ಒಂದು ಕೆಲಸ ಮಾಡಿ. 7ನೇ ಅಧ್ಯಾಯದ ಕೊನೆಯನ್ನು ಜೋರಾಗಿ ಓದಿ. ಯೇಸುವಿನ ಪರವಾಗಿ ಮಾತಾಡಿದ ನಿಕೊದೇಮನಿಗೆ ಫರಿಸಾಯರು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವರು, ಗದರುತ್ತಾರೆ, ಗಲಿಲಾಯದಿಂದ ಯಾವ ಪ್ರವಾದಿಯೂ ಏಳುವುದಿಲ್ಲ ಅನ್ನುತ್ತಾರೆ. ಅಲ್ಲಿಂದ ಕಂಸ ದಾಟಿ 8:12 ಓದಿ. ಯೇಸು ತಿರುಗಿ ಅವರ ಸಂಗಡ ಮಾತಾಡಿ, ತಾನು ಲೋಕಕ್ಕೆ ಬೆಳಕು ಅನ್ನುತ್ತಾನೆ. ಎಲ್ಲೂ ಎಡವುವುದಿಲ್ಲ. ಈಗ ನಡುವಿನದನ್ನೂ ಸೇರಿಸಿ ಓದಿ. 8:9ರ ಹೊತ್ತಿಗೆ ಅವಳನ್ನು ಹಿಡಿದು ತಂದ ಶಾಸ್ತ್ರಿಗಳು, ಫರಿಸಾಯರು ಎಲ್ಲ ಹೊರಟುಹೋಗಿದ್ದಾರೆ, ಉಳಿದದ್ದು ಆ ಹೆಂಗಸು ಒಬ್ಬಳೇ. 8:13ರಲ್ಲಿ ಫರಿಸಾಯರು ಥಟ್ಟನೆ ಉತ್ತರ ಕೊಡುತ್ತಾರೆ. ಎಲ್ಲಿಂದ ಬಂದರು?

ಮಾತುಗಳಲ್ಲೂ ವ್ಯತ್ಯಾಸ ಇದೆ. ಎಣ್ಣೆಮರಗಳ ಗುಡ್ಡ, ಶಾಸ್ತ್ರಿಗಳು: ಉಳಿದ ಮೂರು ಸುವಾರ್ತೆಗಳಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಯೋಹಾನನಲ್ಲಿ ಬರುವುದು ಈ ಹನ್ನೆರಡು ವಚನಗಳೊಳಗೆ ಮಾತ್ರ.

ಇನ್ನೊಂದು ಸಂಗತಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುತ್ತದೆ. ಈ ಕಥೆಗೆ ಒಂದೇ ಜಾಗ ಇಲ್ಲ. ಕೆಲವು ಪ್ರತಿಗಳಲ್ಲಿ ಇದು ಯೋಹಾನನ ಸುವಾರ್ತೆಯ ಕೊನೆಗೆ ಇದೆ. ಇನ್ನು ಕೆಲವರು ಲೂಕನ 21ನೇ ಅಧ್ಯಾಯದ ಕೊನೆಗೆ ತಂದಿಟ್ಟಿದ್ದಾರೆ. 8 ಮತ್ತು 9ನೇ ಶತಮಾನದ ಎರಡು ಪ್ರತಿಗಳಲ್ಲಂತೂ 7:52 ಆದ ಮೇಲೆ ಕಥೆ ಇಲ್ಲ, ಜಾಗ ಮಾತ್ರ ಖಾಲಿ ಬಿಟ್ಟಿದ್ದಾರೆ! ಮುಂದಿಟ್ಟುಕೊಂಡ ಪ್ರತಿಯಲ್ಲಿ ಕಥೆ ಇರಲಿಲ್ಲ, ಆದರೆ ಇಲ್ಲೊಂದು ಕಥೆ ಇದೆ ಅಂತ ಅವರಿಗೆ ತಿಳಿದಿತ್ತು ಅನ್ನಿಸುತ್ತದೆ. ತೊಗಲಿನ ಹಾಳೆ ದುಬಾರಿ. ಅದರಲ್ಲಿ ಸುಮ್ನೆ ಜಾಗ ಬಿಡುವುದಿಲ್ಲ.

ಇಲ್ಲ, ಮೊದಲು ಇದ್ದದ್ದನ್ನು ಯಾರೋ ತೆಗೆದುಹಾಕಿದರು ಅನ್ನುವವರೂ ಇದ್ದಾರೆ. ಆ ವಾದ ಸಂತ ಅಗಸ್ಟೀನನಷ್ಟು ಹಳೆಯದು. ಹೆಂಡತಿಯರಿಗೆ ತಪ್ಪು ಮಾಡಲು ಸಲಿಗೆ ಸಿಕ್ಕೀತು ಅಂತ ಹೆದರಿದ ಗಂಡಸರು ಇದನ್ನು ಕಿತ್ತುಹಾಕಿದರು ಅಂತ ಅವನು ಬರೆದ. ಆ ಹೆದರಿಕೆ ಇದ್ದಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಕಿತ್ತವರು, ಈ ಭಾಗದ ಮೊದಲ ವಚನಗಳಲ್ಲಿರುವ, ಜನ ಮನೆಗೆ ಹೋದದ್ದು, ಯೇಸು ಬೆಳಿಗ್ಗೆ ದೇವಾಲಯಕ್ಕೆ ಬಂದದ್ದು, ಇದನ್ನೂ ಯಾಕೆ ಕೀಳುತ್ತಿದ್ದರು? ಅದರಲ್ಲಿ ಹೆದರುವಂಥದ್ದು ಏನಿದೆ? ಈ ಪ್ರಶ್ನೆಗೆ ಒಪ್ಪುವಂಥ ಉತ್ತರ ನಾನು ಎಲ್ಲೂ ನೋಡಿಲ್ಲ.

ಇನ್ನು ಸುಳ್ಳಾ ಅನ್ನುವ ಮಾತು. 2ನೇ ಶತಮಾನದ ಪಪಿಯಾಸ್ ಎಂಬವನು, ಬಹಳ ಪಾಪಗಳ ಆರೋಪ ಹೊತ್ತು ಯೇಸುವಿನ ಮುಂದೆ ನಿಂತ ಒಬ್ಬ ಹೆಂಗಸಿನ ಕಥೆ ಹೇಳಿದ್ದ ಅಂತ ಚರಿತ್ರೆಕಾರ ಯುಸೇಬಿಯಸ್ ಬರೆದಿದ್ದಾನೆ. ಇದೇ ಕಥೆಯೋ ಅಲ್ಲವೋ ಖಚಿತವಾಗಿ ಹೇಳಲಾಗದು. ಆದರೆ 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ, ಕುರುಡ ದಿದಿಮನಿಗೆ ಇಂಥದೇ ಕಥೆ ಗೊತ್ತಿತ್ತು. ಅಂದರೆ ಇದು ತುಂಬ ಹಳೆಯ ಕಥೆ. ಜನರ ಬಾಯಲ್ಲಿ ಬೆಳೆದು, ಕೊನೆಗೆ ಪುಸ್ತಕದೊಳಗೆ ಬಂದು ಕೂತಿತು. ನಡೆದ ಘಟನೆಯೇ ಇರಬಹುದು ಅನ್ನುವ ಒಳ್ಳೆಯ ವಿದ್ವಾಂಸರು ಅನೇಕರಿದ್ದಾರೆ. ಬರೆದವನು ಯೋಹಾನನಲ್ಲ ಎಂದಷ್ಟೇ ಅವರು ಹೇಳುವುದು.

ಜನರ ಕುತೂಹಲ ಹೇಗೆ ಕೆಲಸ ಮಾಡುತ್ತದೆ ನೋಡಿ. ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಬರೆದ ಅಂತ ಇದೆ. ಏನು ಬರೆದ? ಪಠ್ಯ ಹೇಳುವುದಿಲ್ಲ. ಕೆಲವು ಲಿಪಿಕಾರರಿಗೆ ತಡೆಯಲಾಗಲಿಲ್ಲ. ನಿಂತವರಲ್ಲಿ ಒಬ್ಬೊಬ್ಬರ ಪಾಪಗಳನ್ನು ಬರೆದ ಅಂತ ಅವರೇ ಸೇರಿಸಿಬಿಟ್ಟರು. ಪ್ರಸಂಗಗಳಲ್ಲಿ ಇದನ್ನು ನೀವು ಕೇಳಿರುತ್ತೀರಿ.

ಹಾಗಾದರೆ ತೆಗೆದೇ ಹಾಕಬಹುದಲ್ಲ? ಸಂತ ಜೆರೋಮನ ಲ್ಯಾಟಿನ್ ಬೈಬಲಿನಲ್ಲಿ ಇದು ಇತ್ತು, ವಿದ್ವಾಂಸ ಎರಾಸ್ಮಸ್ 1516ರಲ್ಲಿ ಅಚ್ಚು ಹಾಕಿಸಿದ ಗ್ರೀಕ್ ಹೊಸ ಒಡಂಬಡಿಕೆಯಲ್ಲೂ ಇತ್ತು. ನೂರಾರು ವರ್ಷ ಜನ ಇದನ್ನು ದೇವರ ಮಾತೆಂದೇ ಕೇಳಿದ್ದಾರೆ. ಲ್ಯಾಟಿನ್ ಬೈಬಲಿನ ಪುಸ್ತಕಗಳನ್ನು ಅವುಗಳ ಎಲ್ಲ ಭಾಗಗಳ ಸಮೇತ ಒಪ್ಪಬೇಕು ಅಂತ ಕಥೋಲಿಕ ಸಭೆ 1546ರಲ್ಲಿ ತ್ರೆಂತ್ ಮಹಾಸಭೆಯಲ್ಲಿ ತೀರ್ಮಾನಿಸಿತು. ಯಾರು ಬರೆದರು ಅನ್ನುವುದು ಒಂದು ಪ್ರಶ್ನೆ, ಸಭೆಯಲ್ಲಿ ಓದಬೇಕೋ ಬೇಡವೋ ಅನ್ನುವುದು ಇನ್ನೊಂದು. ಕಂಸ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಅದನ್ನು ಹಾಕಿದವರು ಓದುಗನಿಂದ ಏನನ್ನೂ ಮುಚ್ಚಿಡಲಿಲ್ಲ ಅಂತ ನನಗೆ ಅವರ ಮೇಲೆ ಗೌರವ.

ಮಾರ್ಕನ ಸುವಾರ್ತೆಯ ಕೊನೆಯಲ್ಲೂ, 16:9ರಿಂದ 20ರವರೆಗೆ, ಇಂಥದೇ ಕಂಸ ಇರಬಹುದು ನೋಡಿ. ಅವೂ ಹನ್ನೆರಡೇ ವಚನ. ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳು ಅಲ್ಲಿ 8ನೇ ವಚನಕ್ಕೇ ನಿಂತುಬಿಡುತ್ತವೆ: ಹೆಂಗಸರು ಹೆದರಿ ಸಮಾಧಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ.